ಒಂದೂವರೆ ವರ್ಷದ ಮಗು ಹಳ್ಳಿ ಮನೆಗೆ ಬರುತ್ತಿದೆ: ಮೊದಲು ಯಾವುದನ್ನು ಸರಿ ಮಾಡಿಸಬೇಕು?

ಹಿಪ್ಪುನೇರಳೆ (ಶಿಡ್ಲಘಟ್ಟ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ಊರಿನ ಮನೆಗೆ ಬರುತ್ತಿದ್ದೇವೆ. ಹೆಂಡತಿ ಮತ್ತೆ ಕೆಲಸಕ್ಕೆ ಸೇರುತ್ತಾಳೆ. ಹಗಲು ಹೊತ್ತು ಮಗನನ್ನು ಅಪ್ಪ, ಅಮ್ಮ ನೋಡಿಕೊಳ್ಳುತ್ತಾರೆ. ಅವನಿಗೆ ಒಂದೂವರೆ ವರ್ಷ. ಒಂದು ಕಡೆ ಕೂರುವ ಆಸಾಮಿಯಲ್ಲ.

ಮನೆ ಹೇಗಿದೆ ಅಂದರೆ, ಹೊಸಿಲು ದಾಟಿದರೆ ಅಂಗಳದಲ್ಲೇ ಸಂಪು. ಪಕ್ಕದಲ್ಲಿ ನೀರಿನ ಡ್ರಮ್ಮುಗಳು. ಹಿಂದೆ ಬಚ್ಚಲುಮನೆ, ಸೌದೆ ಒಲೆ, ಹಂಡೆ. ಒಂದು ಪಕ್ಕ ರೇಷ್ಮೆ ಹುಳು ಸಾಕುವ ಮನೆ, ಇನ್ನೊಂದು ಪಕ್ಕ ಎರಡು ಸೀಮೆ ಹಸು. ಮಹಡಿಗೆ ಹೊರಗಿನಿಂದ ಮೆಟ್ಟಿಲು, ಅದಕ್ಕೆ ಕಂಬಿ ಇಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಈಜುಕೊಳಕ್ಕೆ ಬೇಲಿ ಹಾಕಿ, ಕಾರಿನಲ್ಲಿ ಮಗುವಿನ ಸೀಟು ಹಾಕಿ, ಟಿವಿಯನ್ನು ಗೋಡೆಗೆ ಕಟ್ಟಿ, ಇಂಥದ್ದೇ ಸಿಗುತ್ತದೆ. ಹಂಡೆ ಬಗ್ಗೆ ಒಬ್ಬರೂ ಬರೆದಿಲ್ಲ! ನಮ್ಮ ಕಡೆಯ ಮನೆಗಳಲ್ಲಿ ಚಿಕ್ಕ ಮಕ್ಕಳಿಗೆ ನಿಜವಾಗಿ ಏಟಾಗುವುದು ಎಲ್ಲಿ? ಎಲ್ಲವನ್ನೂ ಒಂದೇ ಸಲ ಮಾಡಿಸಲು ದುಡ್ಡಿಲ್ಲ. ಯಾವುದು ಮೊದಲು?

ಮಕ್ಕಳ ವಾರ್ಡು (ಚಿಕ್ಕಬಳ್ಳಾಪುರ)

ನಾನು ನರ್ಸ್, ಮಕ್ಕಳ ವಾರ್ಡಿನಲ್ಲೇ ಕೆಲಸ. ನಿಮ್ಮ ಪ್ರಶ್ನೆಗೆ ಒಂದೇ ಮಾತಿನ ಉತ್ತರ: ನೀರು ಮೊದಲು.

ಜಾಸ್ತಿ ಮಕ್ಕಳು ಬರುವುದು ಬಿದ್ದು ಏಟು ಮಾಡಿಕೊಂಡು. ಮಂಚದಿಂದ, ಮೆಟ್ಟಿಲಿಂದ, ಜಗಲಿಯಿಂದ. ಅದರಲ್ಲಿ ಬಹುಪಾಲು ಮಕ್ಕಳು ಹೊಲಿಗೆಯೋ ಪಟ್ಟಿಯೋ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ನೀರಿಗೆ ಬಿದ್ದ ಮಗು ಹಾಗಲ್ಲ. ಎರಡನೇ ಅವಕಾಶ ಸಿಗುವುದೇ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 2008ರಲ್ಲಿ ಮಕ್ಕಳ ಅಪಘಾತಗಳ ಬಗ್ಗೆ ದೊಡ್ಡ ವರದಿ ಮಾಡಿದವು. ರಸ್ತೆ, ನೀರು, ಬೆಂಕಿ, ಬೀಳುವುದು, ವಿಷ, ಈ ಐದನ್ನು ಅದರಲ್ಲಿ ಬಿಡಿಸಿ ಬಿಡಿಸಿ ನೋಡಿದ್ದಾರೆ. ನೀರಿನಲ್ಲಿ ಮುಳುಗುವ ಅಪಾಯ 1ರಿಂದ 4 ವರ್ಷದವರಿಗೇ ಹೆಚ್ಚು. ನಿಮ್ಮ ಮಗ ಆ ವಯಸ್ಸಿಗೆ ಈಗ ತಾನೇ ಕಾಲಿಟ್ಟಿದ್ದಾನೆ.

ಕೆರೆ, ಬಾವಿಯೇ ಆಗಬೇಕಿಲ್ಲ. ಅರ್ಧ ಬಕೆಟ್ಟು ಸಾಕು. ಈ ವಯಸ್ಸಿನಲ್ಲಿ ತಲೆಯ ಭಾರ ಜಾಸ್ತಿ, ತೋಳಿನಲ್ಲಿ ಶಕ್ತಿ ಕಮ್ಮಿ. ಬಗ್ಗಿ ನೋಡಿ ತಲೆಕೆಳಗಾದರೆ ಎದ್ದು ನಿಲ್ಲಲು ಆಗುವುದಿಲ್ಲ. ಕಿರುಚುವುದೂ ಇಲ್ಲ. ಒಳಗೆ ಒಗ್ಗರಣೆ ಹಾಕುತ್ತಿದ್ದವರಿಗೆ ಸದ್ದೇ ಕೇಳಿರುವುದಿಲ್ಲ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಎರಡು ಜಿಲ್ಲೆಗಳ ಕಥೆ ನಿಮಗೆ ಗೊತ್ತು. ವರ್ಷವಿಡೀ ಹರಿಯುವ ನದಿ ಇಲ್ಲ. ನಲ್ಲಿ ನೀರು ದಿನ ಬಿಟ್ಟು ದಿನವೋ, ವಾರಕ್ಕೊಮ್ಮೆಯೋ. ಅದಕ್ಕೇ ಪ್ರತಿ ಮನೆಯಲ್ಲೂ ಸಂಪು, ಡ್ರಮ್ಮು, ತೊಟ್ಟಿ, ಕೊಡ. ನೀರಿನ ಬರ ಇರುವ ಊರಿನಲ್ಲೇ ಮನೆ ತುಂಬಾ ನೀರು ನಿಂತಿರುತ್ತದೆ. ಇದನ್ನು ಯಾವ ಪಟ್ಟಿಯಲ್ಲೂ ಹಾಕಿರುವುದಿಲ್ಲ.

ಚಾಕಿ ಸೆಂಟರ್ (ಚಿಂತಾಮಣಿ)

ಸಂಪಿಗೆ ಮುಚ್ಚಳ ಎಲ್ಲರ ಮನೆಯಲ್ಲೂ ಇರುತ್ತದಲ್ವಾ ಮೇಡಂ?

ಮಕ್ಕಳ ವಾರ್ಡು

ಇರುತ್ತದೆ. ಟ್ಯಾಂಕರ್ ಬಂದಾಗ ಏನಾಗುತ್ತದೆ ನೋಡಿ. ಪೈಪು ಇಳಿಬಿಡಲು ಮುಚ್ಚಳ ತೆಗೆಯುತ್ತಾರೆ. ತುಂಬುವ ತನಕ ತೆರೆದೇ ಇರುತ್ತದೆ. ಡ್ರೈವರ್ ಫೋನಿನಲ್ಲಿ, ಮನೆಯವರು ದುಡ್ಡು ತರಲು ಒಳಗೆ. ಟ್ಯಾಂಕರ್ ಬಂತು ಅಂದರೆ ಮಕ್ಕಳಿಗೆ ಖುಷಿ, ಓಡಿ ಬರುತ್ತಾರೆ. ಸಂಪು ತೊಳೆಯುವ ದಿನವೂ ಇದೇ ಕಥೆ. ಮುಚ್ಚಳದ ಪಕ್ಕದಲ್ಲಿ ಪೈಪಿಗೆಂದೇ ಒಂದು ಸಣ್ಣ ತೂತು ಮಾಡಿಸಿದರೆ ಮುಚ್ಚಳ ತೆಗೆಯುವ ಕೆಲಸವೇ ಇರುವುದಿಲ್ಲ. ಮೇಸ್ತ್ರಿಗೆ ಅರ್ಧ ದಿನದ ಕೆಲಸ.

ಕೆಲವರ ಮನೆ ಮುಚ್ಚಳ ತುಕ್ಕು ಹಿಡಿದ ತಗಡು. ಸುಮ್ನೆ ಮುಚ್ಚಿರುತ್ತದೆ ಅಷ್ಟೆ. ದೊಡ್ಡವರು ನಿಂತರೂ ಕುಸಿಯಬಾರದು. ಕೊಂಡಿ, ಬೀಗ ಬೇಕು.

ಇನ್ನೊಂದು. ಡೆಂಗಿ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಲಾರ್ವಾ ನೋಡಿ, ಡ್ರಮ್ಮು ಮುಚ್ಚಿ ಎನ್ನುತ್ತಾರೆ. ಜನ ಹಳೇ ಸೀರೆ ಕಟ್ಟುತ್ತಾರೆ. ಸೊಳ್ಳೆಗೆ ಸಾಕು, ಮಗುವಿಗೆ ಸಾಲದು. ಬಟ್ಟೆ ಮೇಲೆ ಕೈಯೂರಿದರೆ ಬಟ್ಟೆಯ ಜೊತೆಗೇ ಒಳಗೆ ಹೋಗುತ್ತದೆ. ಗಟ್ಟಿ ಮುಚ್ಚಳ ಹಾಕಿ, ಮೇಲೆ ಕಲ್ಲಿಡಿ.

ಗೌಡ್ರು_ಗೌರಿಬಿದನೂರು

ನಾವೆಲ್ಲ ಹಂಡೆ, ಬಾವಿ, ಕೊಟ್ಟಿಗೆ ಮಧ್ಯೆಯೇ ಬೆಳೆದವರು. ಬೀಗವೂ ಇರಲಿಲ್ಲ, ಕಂಬಿಯೂ ಇರಲಿಲ್ಲ. ತಾಯಿ ಆದವಳು ಮೊಬೈಲ್ ಬಿಟ್ಟು ಮಗು ಮೇಲೆ ನಿಗಾ ಇಟ್ಟರೆ ಇದೆಲ್ಲ ಬೇಕಾಗುವುದಿಲ್ಲ. ಇದು ನನ್ನ ಅಭಿಪ್ರಾಯ, ಬೇಜಾರು ಬೇಡ.

ಟೀಚರ್_ಬಾಗೇಪಲ್ಲಿ

ಬೇಜಾರಿಲ್ಲ ಗೌಡ್ರೆ. ಒಂದು ಲೆಕ್ಕ ಮಾತ್ರ ಕೇಳಿ. ನಾನು ಅಂಗನವಾಡಿ ಟೀಚರ್. ನನ್ನ ಕೇಂದ್ರದ ಸುತ್ತ ಇರುವ ತಾಯಂದಿರ ಬೆಳಿಗ್ಗೆ ಹೀಗಿರುತ್ತದೆ. ಐದೂವರೆಗೆ ಎದ್ದು ಸಗಣಿ ಬಾಚುವುದು. ಹಾಲು ಕರೆದು ಡೈರಿಗೆ ಹಾಕಿ ಬರುವುದು. ನೀರು ಬಿಟ್ಟರೆ ನೀರು. ಹಂಡೆಗೆ ಉರಿ, ಒಲೆ ಮೇಲೆ ಮುದ್ದೆಗೆ ಎಸರು, ದೊಡ್ಡ ಮಗುವಿಗೆ ಯೂನಿಫಾರ್ಮ್. ಎಂಟೂವರೆಗೆ ಕೂಲಿಗೆ ಆಟೋ ಬರುತ್ತದೆ. ಇದರ ನಡುವೆ ಒಂದೂವರೆ ವರ್ಷದ ಮಗು ಕಾಲಿಗೆ ತೊಡರುತ್ತಿರುತ್ತದೆ. ಮೊಬೈಲ್ ಎಲ್ಲಿ ಬಂತು? ಸಂಜೆಯೂ ಹೀಗೇ. ಅಡುಗೆ ಹೊತ್ತಿನಲ್ಲೇ ಸುಟ್ಟ ಗಾಯ ಆಗುವುದು ಅದಕ್ಕೇ.

ಮಗುವಿನ ನಿಗಾ ಆಗ ಯಾರ ಕೈಗೆ ಹೋಗುತ್ತದೆ? ಏಳು ವರ್ಷದ ಅಕ್ಕನ ಕೈಗೆ. ಅವಳೂ ಮಗುವೇ. ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾಳೆ, ಇಬ್ಬರೂ ಉರುಳುತ್ತಾರೆ. ಒಂದೇ ಕೋಣೆಯ ಮನೆ, ಅದರಲ್ಲೇ ಅಡುಗೆ, ಅದರಲ್ಲೇ ಮಲಗುವುದು. ಮಕ್ಕಳು ಇಬ್ಬರು ಮೂವರು. ಗಂಡ ಬೆಂಗಳೂರಿನಲ್ಲಿ. ಅಪಾಯ ಕೂತಿರುವುದು ಇಲ್ಲಿ. ತಾಯಿ ಮನಸ್ಸಿನಲ್ಲಿ ಅಲ್ಲ.

ನಮ್ಮಲ್ಲಿ ಶಾಲಾಪೂರ್ವ ಕಲಿಕೆಗೆ 3 ವರ್ಷ ತುಂಬಿದವರನ್ನೇ ತೆಗೆದುಕೊಳ್ಳುವುದು. ಒಂದರಿಂದ ಮೂರರವರೆಗೆ, ಅಂದರೆ ಅತಿ ಜಾಸ್ತಿ ಅಪಾಯದ ಹೊತ್ತಿನಲ್ಲಿ, ಆ ಮಗುವಿಗೆ ಜಾಗವೇ ಇಲ್ಲ. ಸರ್ಕಾರ 2023ರಲ್ಲಿ ಕೂಸಿನ ಮನೆ ಅಂತ ಶುರು ಮಾಡಿತು, 4000 ಗ್ರಾಮ ಪಂಚಾಯಿತಿಗಳಲ್ಲಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗೆ. ಒಳ್ಳೆ ಯೋಜನೆ. ಬಾಂಗ್ಲಾದೇಶದಲ್ಲಿ ಇಂಥದ್ದನ್ನೇ ಹಳ್ಳಿಹಳ್ಳಿಯಲ್ಲಿ ಮಾಡಿ ನೋಡಿದ್ದಾರೆ. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಮಕ್ಕಳನ್ನು ಒಂದು ಮನೆಯಲ್ಲಿ ಸೇರಿಸಿ ನೋಡಿಕೊಂಡರು, ಅಷ್ಟೆ. ನೀರಿಗೆ ಬಿದ್ದು ಸಾಯುವ ಮಕ್ಕಳ ಸಂಖ್ಯೆ ಬಹಳ ಇಳಿಯಿತು. ಹಿಪ್ಪುನೇರಳೆ ಅವರೇ, ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯಾ, ಬೆಳಿಗ್ಗೆ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಾರೆ, ಕೇಳಿ ನೋಡಿ.

ಗೌಡ್ರು_ಗೌರಿಬಿದನೂರು

ಅಂಗನವಾಡಿಯವರು ನನ್ನನ್ನೇ ಕ್ಲಾಸಿನಲ್ಲಿ ಕೂರಿಸಿಬಿಟ್ಟರು. ಆಗ ಮನೆ ತುಂಬಾ ಜನ ಇದ್ದರು, ಅದೊಂದು ಇತ್ತು. ಈಗ ಇಬ್ಬರೇ ಮುದುಕರು.

ಬೇಸಿನ್_ಚರಕ (ಶಿಡ್ಲಘಟ್ಟ ಟೌನ್)

ರೀಲರ್‌ಗಳ ಮನೆ ವಿಷಯ ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಮುಂದೆ ರೇಷ್ಮೆ ನೂಲು ತೆಗೆಯುವ ಕೆಲಸ, ಹಿಂದೆ ಸಂಸಾರ. ಮಧ್ಯೆ ಒಂದು ಪರದೆ. ಗೂಡು ಬೇಯಿಸುವ ನೀರು ಕುದಿಯುತ್ತಿರುತ್ತದೆ, ನೆಲ ಒದ್ದೆ, ಕೆಳಗೆ ಬೆಂಕಿ. ಅಮ್ಮನೂ ಚರಕದ ಮುಂದೆಯೇ ಕೂತಿರುತ್ತಾಳೆ, ಮಗು ಅಮ್ಮನ ಹತ್ತಿರ ಬರದೆ ಎಲ್ಲಿಗೆ ಹೋಗುತ್ತದೆ? ನಾವು ಪರದೆ ತೆಗೆದು ಅರ್ಧ ಬಾಗಿಲು ಹಾಕಿಸಿದ್ದೇವೆ, ಎದೆ ಮಟ್ಟದ್ದು. ಮಗುವಿಗೆ ಅಮ್ಮ ಕಾಣುತ್ತಾಳೆ, ಅಮ್ಮನಿಗೆ ಮಗು ಕಾಣುತ್ತದೆ, ಆದರೆ ಈ ಕಡೆ ಬರಲು ಆಗುವುದಿಲ್ಲ. ಅಡುಗೆಮನೆಗೂ ಅದೇ ಹಾಕಿಸಿದೆವು. ಇಷ್ಟು ಉಪಯೋಗಕ್ಕೆ ಬಂದ ಮರದ ಕೆಲಸ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ.

ಮಕ್ಕಳ ವಾರ್ಡು

ಇದನ್ನು ಎಲ್ಲರೂ ಗುರುತು ಹಾಕಿಕೊಳ್ಳಿ. ಸುಟ್ಟ ಗಾಯ ಅಂದರೆ ಜನ ಬೆಂಕಿ ಅಂದುಕೊಳ್ಳುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಜಾಸ್ತಿ ಆಗುವುದು ಬಿಸಿ ನೀರು, ಸಾರು, ಟೀ, ಹಾಲಿನಿಂದ. 60 ಡಿಗ್ರಿ ಬಿಸಿ ಇರುವ ನೀರು ದೊಡ್ಡವರ ಚರ್ಮವನ್ನೇ ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಮಕ್ಕಳ ಚರ್ಮ ತೆಳು, ಅಷ್ಟು ಹೊತ್ತೂ ಬೇಕಿಲ್ಲ. ಹಂಡೆಯ ನೀರು ಅದಕ್ಕಿಂತ ಬಿಸಿ ಇರುತ್ತದೆ. ಗೀಸರ್ ಇದ್ದರೆ 50ಕ್ಕಿಂತ ಕೆಳಗೆ ಇಡಿ.

ಸ್ನಾನದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ನಮ್ಮವರು ಮೊದಲು ಹಂಡೆಯಿಂದ ಬಿಸಿನೀರು ತೋಡಿಟ್ಟು, ತಣ್ಣೀರು ತರಲು ಹೊರಗೆ ಹೋಗುತ್ತಾರೆ. ಆ ಒಂದು ನಿಮಿಷ ಸಾಕು. ನೀರು ಕಾಯಿಸಲು ಕರೆಂಟ್ ಕಾಯಿಲ್ ಹಾಕುವವರಿಗೂ ಇದೇ ಮಾತು. ನೆಲದ ಮೇಲಿನ ಬಕೆಟ್ಟಿನಲ್ಲಿ ಕಾಯಿಲ್ ಇಳಿಬಿಟ್ಟು ಬಾಗಿಲು ತೆರೆದು ಹೋದರೆ ಶಾಕೂ ಉಂಟು, ಸುಡುವುದೂ ಉಂಟು. ಕೆಳಗೆ ಕೂತು ಊಟ ಮಾಡುವಾಗ ಸಾರಿನ ಪಾತ್ರೆ ಮಗುವಿನ ಕೈಗೆ ಎಟುಕದಂತೆ ದೊಡ್ಡವರ ಬೆನ್ನ ಹಿಂದೆ ಇರಲಿ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಟೀ ಕುಡಿಯುವುದು ತಾತಂದಿರ ಚಟ. ಅದನ್ನು ಬಿಡಿಸಿ.

ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು. ನಲ್ಲಿ ಇಲ್ಲದಿದ್ದರೆ ಚೊಂಬಿನಲ್ಲಿ ಸುರಿಯುತ್ತಾ ಇರಿ. ಐಸ್ ಬೇಡ. ಪೇಸ್ಟು, ಇಂಕು, ಅರಿಶಿನ, ಬೆಣ್ಣೆ ಯಾವುದೂ ಬೇಡ. ಇಂಕು ಬಳಿದುಕೊಂಡು ಬಂದರೆ ಗಾಯ ಎಷ್ಟು ಆಳ ಅಂತ ಡಾಕ್ಟರಿಗೆ ಕಾಣುವುದೇ ಇಲ್ಲ. ಗುಳ್ಳೆ ಒಡೆಯಬೇಡಿ. ಉಂಗುರ, ಬಳೆ, ಉಡಿದಾರ ಬೇಗ ತೆಗೆಯಿರಿ, ಊತ ಬಂದ ಮೇಲೆ ಆಗುವುದಿಲ್ಲ. ಉಳಿದ ಮೈ ಬೆಚ್ಚಗಿರಲಿ. 108ಕ್ಕೆ ಫೋನ್ ಮಾಡಿ.

ಟೊಮ್ಯಾಟೊ_ತೋಟ (ಶ್ರೀನಿವಾಸಪುರ)

ಔಷಧಿ ಬಗ್ಗೆ ಯಾರೂ ಹೇಳಿಲ್ಲ. ನಮ್ಮಲ್ಲಿ ಟೊಮ್ಯಾಟೊಗೆ ಹೊಡೆಯುವ ಔಷಧಿ ಅರ್ಧ ಉಳಿದರೆ ಮನೆಗೆ ತರುತ್ತೇವೆ. ಬಾಟಲಿ ಒಡೆದಿದ್ದರೆ ಕೂಲ್‌ಡ್ರಿಂಕ್ಸ್ ಬಾಟಲಿಗೆ ಸುರಿದು ಕಿಟಕಿ ಮೇಲೆ ಇಡುತ್ತಾರೆ. ಮಗುವಿಗೆ ಬಾಟಲಿ ಗೊತ್ತು, ಒಳಗಿರುವುದು ಗೊತ್ತಿಲ್ಲ. ಡೀಸೆಲ್, ತಿನ್ನರ್, ಸೀಮೆಎಣ್ಣೆಯೂ ಹಾಗೇ. ಹುಳು ಮನೆ ಇರುವವರ ಹತ್ತಿರ ಫಾರ್ಮಲಿನ್, ಬ್ಲೀಚಿಂಗ್ ಪುಡಿ, ಸುಣ್ಣ ಇದ್ದೇ ಇರುತ್ತದೆ. ಇದಕ್ಕೆಲ್ಲ ಮನೆಯ ಹೊರಗೆ, ಎತ್ತರದಲ್ಲಿ, ಬೀಗ ಇರುವ ಒಂದು ಪೆಟ್ಟಿಗೆ. ನಾವು ಹಳೆ ಟ್ರಂಕನ್ನು ಪಂಪ್ ಮನೆಯಲ್ಲಿ ಇಟ್ಟಿದ್ದೇವೆ.

ಕುಡಿದುಬಿಟ್ಟರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಕಾ? ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮಕ್ಕಳ ವಾರ್ಡು

ಬೇಡವೇ ಬೇಡ. ಸೀಮೆಎಣ್ಣೆ, ಡೀಸೆಲ್ ಅಂಥದ್ದು ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿ ಇದ್ದದ್ದಕ್ಕಿಂತ ದೊಡ್ಡ ತೊಂದರೆ. ಆಸಿಡ್ ಇದ್ದರೆ ಗಂಟಲು ಎರಡು ಸಲ ಸುಡುತ್ತದೆ. ಬಾಟಲಿ ಸಮೇತ ಆಸ್ಪತ್ರೆಗೆ ಬನ್ನಿ. ಲೇಬಲ್ ಇದ್ದರೆ ಅರ್ಧ ಕೆಲಸ ಆದ ಹಾಗೆ. ದೆಹಲಿ ಏಮ್ಸ್‌ನಲ್ಲಿ ವಿಷದ ಬಗ್ಗೆ ಮಾಹಿತಿ ಕೊಡುವ ಕೇಂದ್ರ ಹಗಲು ರಾತ್ರಿ ಇರುತ್ತದೆ, ಉಚಿತ ನಂಬರ್ 1800 116 117.

ಅಜ್ಜ ಅಜ್ಜಿ ನೋಡಿಕೊಳ್ಳುವ ಮನೆಯಲ್ಲಿ ನನಗೆ ಬೆಳೆ ಔಷಧಿ ಡಬ್ಬಿಗಿಂತ ಹೆದರಿಕೆ ದಿಂಬಿನ ಕೆಳಗಿನ ಮಾತ್ರೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಲ್ಲಿ ಒಂದೇ ಒಂದು ನುಂಗಿದರೂ ಚಿಕ್ಕ ಮಗುವಿನ ಸಕ್ಕರೆ ಅಂಶ ಕುಸಿಯುತ್ತದೆ, ಅದೂ ಗಂಟೆಗಳಾದ ಮೇಲೆ. ಬಿಪಿ ಮಾತ್ರೆಯೂ ಆಟದ ವಸ್ತುವಲ್ಲ. ಗರ್ಭಿಣಿಯರಿಗೆ ಕೊಡುವ ಕೆಂಪು ಕಬ್ಬಿಣದ ಮಾತ್ರೆ ನೋಡಲು ಥೇಟ್ ಮಿಠಾಯಿ, ಹಿಡಿ ತುಂಬಾ ತಿಂದರೆ ಜೀವಕ್ಕೆ ಅಪಾಯ. ದೇವರ ಮನೆಯ ಕರ್ಪೂರ ತಿಂದರೆ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು. ಬೇಲಿಯ ಮರಹರಳು ಬೀಜ, ಕಣಗಿಲೆ, ದತ್ತೂರಿ ಕಾಯಿ, ಇವೂ ಸೇರಿವೆ.

ಎಲೆ ಅಡಿಕೆ ಸುಣ್ಣವನ್ನು ಬಹಳ ಜನ ಮರೆಯುತ್ತಾರೆ. ಸುಣ್ಣದ ಪ್ಯಾಕೆಟ್ಟನ್ನು ಮಗು ಹಿಚುಕುತ್ತದೆ, ಚಿಮ್ಮಿ ಕಣ್ಣಿಗೆ ಬೀಳುತ್ತದೆ. ದೃಷ್ಟಿಯೇ ಹೋಗಬಹುದು. ತಕ್ಷಣ ನೀರು ಹಾಕಿ ತೊಳೆಯಬೇಕು, ಅರ್ಧ ಗಂಟೆ ಆದರೂ ಸರಿ. ತೊಳೆಯದೆ ಬೆಂಗಳೂರಿನ ಮಿಂಟೊ ಆಸ್ಪತ್ರೆಗೆ ಕಾರು ಓಡಿಸಿದರೆ ದಾರಿಯಲ್ಲೇ ಕಣ್ಣು ಸುಡುತ್ತಿರುತ್ತದೆ.

ಹಿಪ್ಪುನೇರಳೆ

ಅಮ್ಮನಿಗೆ ಸಕ್ಕರೆ, ಅಪ್ಪನಿಗೆ ಬಿಪಿ, ಇಬ್ಬರಿಗೂ ಎಲೆ ಅಡಿಕೆ. ಒಳ್ಳೆ ಕಾಂಬಿನೇಷನ್ ನಮ್ಮದು.

ಕೊಬ್ಬರಿ_ಅಟ್ಟ (ತಿಪಟೂರು)

ತುಮಕೂರು ಜಿಲ್ಲೆಯ ಕಡೆಯಿಂದ ಎರಡು ಮಾತು. ನಮ್ಮಲ್ಲಿ ಉಂಡೆ ಕೊಬ್ಬರಿಗೆ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಇಡುತ್ತೇವೆ. ಅಟ್ಟಕ್ಕೆ ಏಣಿ ಸದಾ ಒರಗಿರುತ್ತದೆ. ನಡೆಯಲು ಬರುವ ಮೊದಲೇ ಮಕ್ಕಳು ಏಣಿ ಹತ್ತುತ್ತಾರೆ. ಹತ್ತುವುದು ಗೊತ್ತು, ಇಳಿಯುವುದು ಗೊತ್ತಿಲ್ಲ. ಕೆಲಸ ಮುಗಿದ ಕೂಡಲೇ ಏಣಿ ಮಲಗಿಸಿ.

ಎರಡನೆಯದು ಗಂಟಲು. ಹುಣಸೆ ಬಿಡಿಸುವ ಕಾಲದಲ್ಲಿ ಮನೆಯೆಲ್ಲ ಹುಣಸೆ ಬೀಜ. ಪಾವಗಡ, ಶಿರಾ, ಮಧುಗಿರಿ ಕಡೆ ಕಡಲೆಕಾಯಿ ರಾಶಿ. ಸಂಕ್ರಾಂತಿಗೆ ಎಳ್ಳು ಬೀರಲು ಬಂದವರೆಲ್ಲ ಮಗುವಿನ ಬಾಯಿಗೆ ಒಂದು ಚಿಟಿಕೆ ಹಾಕುತ್ತಾರೆ. ಅದರಲ್ಲಿ ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಚೂರು, ಎಲ್ಲವೂ ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದೇ. ಬೇಡ ಅಂದರೆ ಶಾಸ್ತ್ರಕ್ಕೆ ಅಂತಾರೆ.

ಮಕ್ಕಳ ವಾರ್ಡು

ಹೌದು. ಇಡೀ ಕಡಲೆಬೀಜ 4 ವರ್ಷದವರೆಗೆ ಬೇಡ. ಅಗಿಯುವ ಹಲ್ಲು ಸರಿಯಾಗಿ ಬಂದಿರುವುದಿಲ್ಲ. ಪುಡಿ ಮಾಡಿ ಕೊಡಿ. ಶ್ವಾಸನಾಳಕ್ಕೆ ಇಳಿದ ಬೀಜ ಕೆಲವು ಸಲ ಉಸಿರು ಪೂರ್ತಿ ಕಟ್ಟುವುದಿಲ್ಲ. ಒಂದು ಸಲ ಜೋರು ಕೆಮ್ಮಿ ಸುಮ್ಮನಾಗುತ್ತದೆ. ಆಮೇಲೆ ವಾರಗಟ್ಟಲೆ ಕೆಮ್ಮು, ಕಫ, ಸಿರಪ್ಪಿನ ಮೇಲೆ ಸಿರಪ್ಪು. ತಿನ್ನುವಾಗ ಕೆಮ್ಮು ಶುರುವಾಯಿತು ಅನ್ನುವುದನ್ನು ಡಾಕ್ಟರಿಗೆ ಹೇಳಲೇಬೇಕು. ಉಸಿರು ಕಟ್ಟಿದರೆ ಬಾಯೊಳಗೆ ಸುಮ್ನೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ತಲೆ ತಗ್ಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯಿಂದ 5 ಸಲ ಗುದ್ದಿ. ಬರದಿದ್ದರೆ ವರ್ಷ ದಾಟಿದ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗವನ್ನು 5 ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆ ಮಧ್ಯೆ ಒತ್ತಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ, ಗೊತ್ತಿರುವವರ ಹತ್ತಿರ ಒಮ್ಮೆ ಕೈಯಾರೆ ಮಾಡಿ ನೋಡಿ.

ರಿಮೋಟು, ಆಟಿಕೆಯೊಳಗಿನ ಗುಂಡಿಯಂಥ ಸೆಲ್ಲು ನುಂಗಿದರೆ ಕಾಯಬೇಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯಲ್ಲೇ ಸುಡಲು ಶುರು. ಬಾಳೆಹಣ್ಣು ತಿನ್ನಿಸಿ ನಾಳೆ ನೋಡೋಣ ಅನ್ನುವುದು ಕಾಸಿಗೆ ನಡೆದೀತು, ಸೆಲ್ಲಿಗೆ ನಡೆಯದು.

ವೈರ್‌ಮ್ಯಾನ್_ಮಾಲೂರು

ಒಂದೇ ಮಾತು. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಸೋರಿ ಮೈಗೆ ಹರಿದರೆ ಅದು ತಕ್ಷಣ ಸಪ್ಲೈ ಕಡಿಯುತ್ತದೆ. ಮಾಮೂಲಿ ಎಂಸಿಬಿ ವೈರು ಸುಡುವುದನ್ನು ತಪ್ಪಿಸುತ್ತದೆ, ಮನುಷ್ಯನಿಗೆ ಶಾಕ್ ಹೊಡೆಯುವುದನ್ನಲ್ಲ. ಆಮೇಲೆ ಮೇವು ಕತ್ತರಿಸುವ ಮೆಷಿನ್. ಸೀಮೆ ಹಸು ಇರುವವರ ಮನೆಯಲ್ಲೆಲ್ಲ ಈಗ ಮೋಟಾರಿನದ್ದೇ. ಕೆಲಸ ಆದ ಮೇಲೆ ಸ್ವಿಚ್ ಆಫ್ ಮಾಡುವುದಲ್ಲ, ಪ್ಲಗ್ಗೇ ಕಿತ್ತು ಮೇಲೆ ಸುತ್ತಿಡಿ. ಕೈಯಲ್ಲಿ ತಿರುಗಿಸುವ ಚಕ್ರದ ಮೆಷಿನ್ ಇದ್ದರೆ ಚಕ್ರಕ್ಕೆ ಸರಪಳಿ ಹಾಕಿ ಬೀಗ ಹಾಕಿ. ಮಗು ಹಲ್ಲಿನ ಕಡೆ ಕೈ ಇಟ್ಟಿರುತ್ತದೆ, ಇನ್ನೊಂದು ಮಗು ಚಕ್ರ ತಿರುಗಿಸುತ್ತದೆ.

ಚಾಕಿ ಸೆಂಟರ್

ವಾಕರ್ ತಂದುಕೊಟ್ಟರೆ ಅದರಲ್ಲೇ ಇರುತ್ತಾನಲ್ಲ? ನಮ್ಮ ಮಾವನವರು ಕೊಡಿಸುತ್ತೇನೆ ಅಂತಿದ್ದಾರೆ.

ಮಕ್ಕಳ ವಾರ್ಡು

ವಾಕರ್ ಬೇಡ. ಮಗುವಿಗೆ ಚಕ್ರ ಕೊಟ್ಟ ಹಾಗೆ. ಹೊಸಿಲು, ಮೆಟ್ಟಿಲು, ಒಲೆ, ಎಲ್ಲಿಗೂ ದೊಡ್ಡವರ ಓಟಕ್ಕಿಂತ ಬೇಗ ತಲುಪುತ್ತದೆ. ನಡಿಗೆಯೂ ಬೇಗ ಬರುವುದಿಲ್ಲ. ಕೆನಡಾದಲ್ಲಿ 2004ರಲ್ಲೇ ಮಾರಾಟ ನಿಲ್ಲಿಸಿದ್ದಾರೆ.

ಗೌಡ್ರು_ಗೌರಿಬಿದನೂರು

ಸೀರೆ ಸೆರಗಿನಲ್ಲಿ ಕಂಬಕ್ಕೆ ಕಟ್ಟುತ್ತಿದ್ದರು ನಮ್ಮಜ್ಜಿ. ಅದು ನಡೆಯುತ್ತದಾ? ಇನ್ನು ಮನೆ ಹಿಂದೆ ಕೃಷಿ ಹೊಂಡ ಇದ್ದರೆ ಅದನ್ನೂ ಸೇರಿಸಿಕೊಳ್ಳಿ. 2014ರಲ್ಲಿ ಕೃಷಿ ಭಾಗ್ಯ ಬಂದ ಮೇಲೆ ನಮ್ಮ ಕಡೆ ಬಹಳ ಹೊಂಡ ಆಗಿವೆ. ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ, ಪಾಚಿ ಕಟ್ಟಿ ಜಾರುತ್ತದೆ. ಈಜು ಬರುವ ದೊಡ್ಡವರೇ ಮೇಲೆ ಬರಲಾರರು. ನಾನು ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿದ್ದೇನೆ, ಸುತ್ತ ತಂತಿ ಬೇಲಿ ಹಾಕಿಸಿದ್ದೇನೆ.

ಟೀಚರ್_ಬಾಗೇಪಲ್ಲಿ

ಬೀಗ, ಬೇಲಿ ಬೇಡ ಅಂದವರು ಬೇಲಿ ಹಾಕಿಸಿದ್ದೀರಿ ನೋಡಿ ಗೌಡ್ರೆ!

ಕಟ್ಟುವುದು ಬೇಡ. ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಸೀರೆ ಜೋಲಿಯಲ್ಲೂ ದೊಡ್ಡ ಮಗುವನ್ನು ಒಂಟಿಯಾಗಿ ಬಿಡಬಾರದು. ಅದರ ಬದಲು ಒಂದು ಮೂಲೆಯನ್ನೇ ಸುರಕ್ಷಿತ ಮಾಡಿ, ನಾಲ್ಕು ಕಡೆ ಮರದ ಕಟಕಟೆ, ಒಳಗೆ ಆಟದ ಸಾಮಾನು. ಬೆಳಿಗ್ಗೆ ಅಡುಗೆ ಹೊತ್ತು, ಸಂಜೆ ಹಾಲು ಕರೆಯುವ ಹೊತ್ತು, ಅಷ್ಟಕ್ಕೆ ಸಾಕು. ದಿನವಿಡೀ ಅಲ್ಲ.

ಹಿಪ್ಪುನೇರಳೆ

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಸಂಪಿನ ಮುಚ್ಚಳ, ಬಚ್ಚಲಿಗೆ ಹೊರಗಿನ ಚಿಲಕ, ಮಾತ್ರೆಗೆ ಮೇಲಿನ ಗೂಡು, ಇಷ್ಟಕ್ಕೆ ಒಪ್ಪಿದರು. ಮೆಟ್ಟಿಲಿಗೆ ಕಂಬಿ ಮುಂದಿನ ಬೆಳೆ ಗೂಡು ಮಾರಿದ ಮೇಲೆ ಅಂತೆ. ಅಲ್ಲಿಯವರೆಗೆ ಕೆಳಗೆ ಒಂದು ಗೇಟು ಹಾಕಿಸೋಣ ಅಂದುಕೊಂಡಿದ್ದೇನೆ. ಕೂಸಿನ ಮನೆ ನಮ್ಮ ಪಂಚಾಯಿತಿಯಲ್ಲಿ ಇದೆಯಂತೆ, ಸೋಮವಾರ ಹೋಗಿ ನೋಡುತ್ತೇನೆ. ಬೇಸಿನ್ ಚರಕ ಅವರೇ, ನಿಮ್ಮ ಅರ್ಧ ಬಾಗಿಲಿನ ಅಳತೆ ಹೇಳುತ್ತೀರಾ? ಬಡಗಿಗೆ ಗೇಟು, ಬಾಗಿಲು ಎರಡೂ ಒಟ್ಟಿಗೆ ಹೇಳುತ್ತೇನೆ.

ಬೇಸಿನ್_ಚರಕ

ನಮ್ಮದು ಮೂರೂವರೆ ಅಡಿ. ಅಡ್ಡ ಪಟ್ಟಿ ಹಾಕಿಸಬೇಡಿ, ಕಾಲಿಟ್ಟು ಹತ್ತುತ್ತಾನೆ. ಉದ್ದ ಪಟ್ಟಿ ಹಾಕಿಸಿ, ಸಂದು 10 ಸೆಂಟಿಮೀಟರಿಗಿಂತ ಕಮ್ಮಿ ಇರಲಿ, ಇಲ್ಲದಿದ್ದರೆ ತಲೆ ತೂರಿಸುತ್ತಾನೆ. ಚಿಲಕ ಆ ಕಡೆ, ಮೇಲಿನಿಂದ ಒಂದು ಗೇಣು ಕೆಳಗೆ. ನಿಮ್ಮ ಅಮ್ಮನಿಗೆ ಮಂಡಿ ನೋವಿದ್ದರೆ ಬಗ್ಗದೆ ತೆಗೆಯುವಂತಿರಬೇಕು. ತೆಗೆಯಲು ಕಷ್ಟವಾದರೆ ಅವರು ಅದನ್ನು ತೆರೆದೇ ಬಿಡುತ್ತಾರೆ.